ಇಂಗ್ಲೆಂಡಿನ ಹಳ್ಳಿಗಾಡಿನ ಜಿಪ್ಸಿಗಳ ಕತೆ, ಹಾಡು ದಾಖಲಿಸಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲ ದಿನ ರೆಕಾರ್ಡರ್ ಮನೆಯಲ್ಲೇ ಬಿಟ್ಟು ಹೋಗಿ. ನಾನು ತಗೊಂಡು ಹೋಗಿದ್ದು ದಂಡವಾಯಿತು.

ಕೆಲಸದ ಮೇಲೆ ಇಂಗ್ಲೆಂಡಿನ ಹಳ್ಳಿ ಕಡೆ ಬಂದಿದ್ದೀರಿ, ಇಲ್ಲಿನ ಜಿಪ್ಸಿಗಳು ಮೂಲದಲ್ಲಿ ನಮ್ಮವರು ಅಂತ ಕೇಳಿ ಆಸೆ ಹುಟ್ಟಿದೆ ಅಂತ ಬರೆದಿದ್ದೀರಿ. ನಾನು ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿದ್ದೇನೆ. ಆರೇಳು ವರ್ಷದಿಂದ ಬಿಡುವಿದ್ದಾಗ ಇದೇ ಕೆಲಸಕ್ಕೆ ಕೈ ಜೋಡಿಸುತ್ತೇನೆ.

ಮೂಲದ ಮಾತು ಅರ್ಧ ನಿಜ. ರೋಮಾನಿ ಜಿಪ್ಸಿಗಳ ಭಾಷೆ ಉತ್ತರ ಭಾರತದ್ದೇ. ನೀರಿಗೆ ಪಾನಿ, ಮೂಗಿಗೆ ನಾಕ್, ಎರಡು-ಮೂರಕ್ಕೆ ದುಯ್-ತ್ರಿನ್. ನಮ್ಮ ಕಡೆಯ ಲಂಬಾಣಿ ಗೆಳತಿಗೆ ಫೋನಲ್ಲಿ ಹೇಳಿದರೆ, 'ಇದಕ್ಕೇನು ಅಷ್ಟು ದೂರ ಹೋಗಬೇಕಿತ್ತಾ?' ಅಂದಳು. ಆದರೆ ಇಲ್ಲಿನ ಇನ್ನೊಂದು ಅಲೆಮಾರಿ ಗುಂಪು, ಐರಿಷ್ ಟ್ರಾವೆಲರ್ಸ್, ಬೇರೆ ಜನ, ಐರ್ಲೆಂಡಿನವರೇ. ಅವರ ಹತ್ತಿರ ಹೋಗಿ 'ನೀವೂ ನಾವೂ ಒಂದೇ' ಅನ್ನಬೇಡಿ.

ಪೆನ್ನು-ಪುಸ್ತಕ ಹಿಡಿದವರನ್ನು ಕಂಡರೆ ಇವರಿಗೆ ಯಾಕೆ ಆಗಿಬರಲ್ಲ ಅನ್ನೋದು ತಿಳಿದಿರಲಿ. ಈಜಿಪ್ಟಿನವರು ಅಂತ ತಪ್ಪು ತಿಳಿದು ಇಟ್ಟ ಹೆಸರೇ ಜಿಪ್ಸಿ. 1530ರಲ್ಲಿ ಎಂಟನೇ ಹೆನ್ರಿ ಅವರನ್ನು ದೇಶದಿಂದ ಓಡಿಸಲು ಕಾನೂನು ಮಾಡಿದ. 1554ರ ಹೊತ್ತಿಗೆ ಒಂದು ತಿಂಗಳಿಗಿಂತ ಜಾಸ್ತಿ ಉಳಿದರೆ ಗಲ್ಲು. ಅದು ಹಳೇ ಕಾಲ ಅಂತೀರಾ? ಬೀಡು ಬಿಡೋಕೆ ಕೌನ್ಸಿಲ್‌ನವರೇ ಜಾಗ ಕೊಡಬೇಕು ಅಂತ 1968ರಲ್ಲಿ ಕಾನೂನು ಬಂತು, 1994ರಲ್ಲಿ ಆ ಹೊಣೆಯನ್ನು ತೆಗೆದುಹಾಕಿದರು. 2022ರ ಕಾನೂನಿನಲ್ಲಿ ಅನುಮತಿ ಇಲ್ಲದೆ ನಿಂತು, ಹೋಗಿ ಅಂದರೂ ಹೋಗದವರ ಗಾಡಿಯನ್ನೇ ಪೊಲೀಸರು ಜಪ್ತಿ ಮಾಡಬಹುದು. ಗಾಡಿ ಅಂದರೆ ಇಲ್ಲಿ ಮನೆ. ಹಾಗಾಗಿ ಬರೆದುಕೊಳ್ಳಲು ಬಂದವರು ಎಬ್ಬಿಸಲೇ ಬಂದವರು ಅನ್ನೋದು ಅವರ ಲೆಕ್ಕ.

ನನ್ನ ಮೊದಲ ಭೇಟಿಯಲ್ಲಿ ಒಬ್ಬ ಅಜ್ಜಿ ಟ್ರೇಲರ್ ಒಳಗೆ ಕರೆದು ಟೀ ಕೊಟ್ಟರು. ಕುಡಿದ ಮೇಲೆ ಸುಮ್ನೆ ಇರಬಾರದಾ? ಲೋಟ ತೊಳೆದಿಡೋಣ ಅಂತ ಬಾಗಿಲ ಹೊರಗಿದ್ದ ಬೋಗುಣಿಯಲ್ಲಿ ಅದ್ದಿಬಿಟ್ಟೆ. ಅದು ಕೈಕಾಲು ತೊಳೆಯುವ ಬೋಗುಣಿ. ಪಾತ್ರೆಗೆ ಬೇರೆ, ಬಟ್ಟೆಗೆ ಬೇರೆ, ಮೈಗೆ ಬೇರೆ. ಕಲಸಿದರೆ 'ಮೊಕಾಡಿ', ಅಂದರೆ ಮೈಲಿಗೆ. ಅಜ್ಜಿ ಮಾತಾಡದೆ ಆ ಲೋಟ ಎತ್ತಿ ಕಸದ ಡಬ್ಬಿಗೆ ಹಾಕಿದರು. ನಾನು ನಾಚಿಕೆಯಿಂದ, 'ನಮ್ಮಜ್ಜಿಯಾಗಿದ್ದರೆ ನನ್ನನ್ನೂ ಸೇರಿಸಿ ಹೊರಗೆ ಹಾಕುತ್ತಿದ್ದರು' ಅಂದೆ. ಆಮೇಲೆ ಒಂದು ಗಂಟೆ ಮಡಿ-ಮೈಲಿಗೆಯ ಬಗ್ಗೆ ಅವರೇ ನನ್ನನ್ನು ಪ್ರಶ್ನೆ ಕೇಳಿದರು. ಬ್ಯಾಗಿನಲ್ಲಿ ರೆಕಾರ್ಡರ್ ಹಾಗೇ ಇತ್ತು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹಳೇ ಫೋಟೋಗಳಿಂದ ಶುರು ಮಾಡಿ. ಸಂಗ್ರಹಗಳಲ್ಲಿ ಜಿಪ್ಸಿಗಳ ಫೋಟೋ ಬೇಕಾದಷ್ಟಿವೆ, ಕೆಳಗೆ 'ಜಿಪ್ಸಿ ಹೆಂಗಸು', 'ಜಿಪ್ಸಿ ಬೀಡು' ಅಂತ ಅಷ್ಟೇ. ಊರ ಪಾದ್ರಿಗೆ ಹೆಸರಿರುತ್ತದೆ, ಇವರಿಗಿಲ್ಲ. ನಾವು ಅಂಥ ಕೆಲವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಜೂನ್‌ನಲ್ಲಿ ಇಲ್ಲೇ ಕಂಬ್ರಿಯಾದಲ್ಲಿ ಜಿಪ್ಸಿಗಳು ಸೇರುವ ಆಪಲ್‌ಬಿ ಕುದುರೆ ಜಾತ್ರೆಗೆ ಒಯ್ದೆವು. ಮೊದಲ ದಿನ ಯಾರೂ ತಿರುಗಿ ನೋಡಲಿಲ್ಲ. ಎರಡನೇ ದಿನ ಒಬ್ಬ ಮುದುಕರು ನಿಂತರು. ಮೊದಲು ಗುರುತು ಹಿಡಿದದ್ದು ಕುದುರೆಯನ್ನು, ಆಮೇಲೆ ಅದರ ಹಗ್ಗ ಹಿಡಿದಿದ್ದ ಹುಡುಗನನ್ನು. ಸಂಜೆಗೆ ಮೇಜಿನ ಸುತ್ತ ಮೂರು ತಲೆಮಾರು ಸೇರಿ ಜಗಳ ಆಡುತ್ತಿತ್ತು, ಅದು ಯಾರ ಚಿಕ್ಕಪ್ಪ ಅಂತ! ಮನೆತನದ ಬೇರು ಹುಡುಕಲು ರೋಮನಿ ಅಂಡ್ ಟ್ರಾವೆಲರ್ ಫ್ಯಾಮಿಲಿ ಹಿಸ್ಟರಿ ಸೊಸೈಟಿ ಅಂತ ಒಂದು ಸಂಘ 1994ರಿಂದ ಇದೆ. ಅವರನ್ನೂ ವಿಚಾರಿಸಿ.

ಭಾಷೆಯ ವಿಷಯದಲ್ಲಿ ಹುಷಾರು. ಜಿಪ್ಸಿಗಳ ನುಡಿ, ಕತೆ ಕಲೆಹಾಕಲು 1888ರಲ್ಲೇ ಜಿಪ್ಸಿ ಲೋರ್ ಸೊಸೈಟಿ ಶುರುವಾಯಿತು. ಲಿವರ್‌ಪೂಲಿನ ಲೈಬ್ರೇರಿಯನ್ ಜಾನ್ ಸ್ಯಾಂಪ್ಸನ್ 1926ರಲ್ಲಿ ವೇಲ್ಸ್‌ನ ಜಿಪ್ಸಿಗಳ ನುಡಿಯ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ವಿದ್ವಾಂಸರಿಗೆ ಅದು ಚಿನ್ನ. ಆದರೆ ತಮ್ಮ ಮಾತು ಹೊರಗಿನವರಿಗೆ ತಿಳಿಯೋದೇ ಬೇಡ ಅನ್ನುವ ಕುಟುಂಬಗಳೂ ಇವೆ. ಅದು ಅವರ ಹಕ್ಕು ಅಂತ ನಾನು ಒಪ್ಪುತ್ತೇನೆ. ನಮ್ಮ ಧ್ವನಿಮುದ್ರಣಗಳಲ್ಲಿ ಕೆಲವನ್ನು ಆಯಾ ಮನೆಯವರು ಮಾತ್ರ ಕೇಳಬಹುದು, ಮೊದಲ ಪ್ರತಿಯೂ ಅವರಿಗೇ.

ಹೋಗುವ ಮೊದಲು ಸ್ಕಾಟ್‌ಲೆಂಡಿನ ಹಳೇ ಧ್ವನಿಮುದ್ರಣಗಳನ್ನು ಕೇಳಿ. 1950ರ ದಶಕದಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಹೇಮಿಶ್ ಹೆಂಡರ್ಸನ್ ಅಲ್ಲಿನ ಬ್ಲೇರ್‌ಗೌರಿಯ ರಾಸ್ಪ್‌ಬೆರಿ ತೋಟಗಳಿಗೆ ಹೋಗಿ, ಹಣ್ಣು ಕೀಳಲು ಬಂದ ಟ್ರಾವೆಲರ್‌ಗಳ ಹಾಡುಗಳನ್ನು ಅವರ ಬೀಡಿನಲ್ಲೇ ರೆಕಾರ್ಡ್ ಮಾಡಿದರು. ಅಂಥ ಎಷ್ಟೋ ಹಾಡು, ಕತೆಗಳನ್ನು 'ಟೋಬರ್ ಆನ್ ಡುಆಲ್ಖಿಶ್' (Tobar an Dualchais) ಜಾಲತಾಣದಲ್ಲಿ ಪುಕ್ಕಟೆ ಕೇಳಬಹುದು.

ಬರೀ ಮಾತಲ್ಲ, ಕೈಗಳನ್ನೂ ವಿಡಿಯೋ ಮಾಡಿ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಮಾಡೋದು ಹೇಗೆ ಅಂತ ಒಬ್ಬರನ್ನು ಕೇಳಿದೆ. 'ಕಡ್ಡಿ ಸೀಳೋದು, ಅಷ್ಟೇ' ಅಂದರು. ಚಾಕು ಕೈಗೆ ಬಂದ ಮೇಲೆ ನೋಡಿ: ವಿಲೋ ಕಡ್ಡಿಯ ತೊಗಟೆ ಸುಲಿದು, ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಹಳೇ ಡಬ್ಬಿಯ ತಗಡಿನ ಪಟ್ಟಿ ಸುತ್ತಿ, ಒಂದೇ ಒಂದು ಮೊಳೆ ಹೊಡೆದು, ಆಮೇಲೆ ಸೀಳಿದರು. ಪಟ್ಟಿ ಇಲ್ಲದೆ ಸೀಳಿದರೆ ಕಡ್ಡಿ ಎರಡು ಹೋಳಾಗುತ್ತದೆ. ಅದು ಅವರ ಬಾಯಿಂದ ಬರಲೇ ಇಲ್ಲ.

ಆಪಲ್‌ಬಿ ಜಾತ್ರೆ ಜೂನ್ ಮೊದಲ ಭಾಗದಲ್ಲಿ ಬರುತ್ತದೆ. ಈಡನ್ ನದಿಯಲ್ಲಿ ಕುದುರೆ ತೊಳೆಯುವ ಜಾಗಕ್ಕೆ ಬೆಳಿಗ್ಗೆ ಬೇಗ ಬನ್ನಿ. ರಬ್ಬರ್ ಬೂಟು ಇರಲಿ, ದಂಡೆ ತುಂಬ ಕೆಸರು.