ಇಷ್ಟದ ರಾಕ್ ಬ್ಯಾಂಡ್ ಸೌಂಡ್ ಬದಲಾಯಿಸಿದೆ, ನನಗೆ ಹಿಡಿಸುತ್ತಿಲ್ಲ. ನಾನು ನಿಜವಾದ ಫ್ಯಾನ್ ಅಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಕಾಲೇಜು ದಿನಗಳಿಂದ ಕೇಳಿಕೊಂಡು ಬಂದ ಬ್ಯಾಂಡು ಈಗ ಗಿಟಾರ್ ಕಡಿಮೆ ಮಾಡಿ, ಸಿಂತ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಜಾಸ್ತಿ ಮಾಡಿ, ಮೆತ್ತಗಿನ ಆಲ್ಬಂ ಒಂದನ್ನು ತಂದಿದೆ. ಹಳಬರು ‘ದುಡ್ಡಿಗೆ ಬಿದ್ದರು’ ಅನ್ನುತ್ತಿದ್ದಾರೆ. ಹೊಸಬರು ‘ನಿಮಗೆ ವಯಸ್ಸಾಯಿತು’ ಅನ್ನುತ್ತಿದ್ದಾರೆ. ನಿಮಗೆ ಆಲ್ಬಂ ಹಿಡಿಸಿಲ್ಲ, ಹಾಗಂತ ಬಾಯಿಬಿಟ್ಟು ಹೇಳಲು ಮುಜುಗರ.

ಹಿಡಿಸದಿದ್ದರೆ ಹಿಡಿಸಲಿಲ್ಲ, ಅಷ್ಟೇ. ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಏನು ಹಿಡಿಸಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಿ. ‘ಸೌಂಡ್ ಬದಲಾಯಿತು’ ಅನ್ನುವ ಒಂದೇ ಮಾತಿನ ಕೆಳಗೆ ಒಬ್ಬೊಬ್ಬರ ದೂರು ಒಂದೊಂದು ಇರುತ್ತದೆ. ಒಬ್ಬರಿಗೆ ಹಾಡು ಸರಿ ಇಲ್ಲ, ಒಬ್ಬರಿಗೆ ಮಿಕ್ಸ್ (ಯಾವ ವಾದ್ಯ ಎಷ್ಟು ಜೋರಾಗಿ ಕೇಳಬೇಕು ಅನ್ನುವ ಹೊಂದಾಣಿಕೆ) ಸರಿ ಇಲ್ಲ, ಇನ್ನೊಬ್ಬರಿಗೆ ಬ್ಯಾಂಡಿನವರ ಹೇರ್‌ಕಟ್ ಸರಿ ಇಲ್ಲ. ತಮಾಷೆ ಅಲ್ಲ, ಹೇರ್‌ಕಟ್ ವಿಷಯಕ್ಕೆ ಬರುತ್ತೇನೆ.

ನೀವು ಬ್ಯಾಂಡಿನ ಹೆಸರು ಬರೆದಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ಕೇಳಿರುವುದು ಅಮೆರಿಕದ ಮೆಟಲ್ ಬ್ಯಾಂಡು ಮೆಟಾಲಿಕಾ, ಹಾಗಾಗಿ ಅವರನ್ನೇ ಇಟ್ಟುಕೊಂಡು ಹೇಳುತ್ತೇನೆ. ಸ್ವಂತ ಅಭಿಮಾನಿಗಳಿಂದ ಅವರಷ್ಟು ಬೈಸಿಕೊಂಡ ಬ್ಯಾಂಡು ಸಿಗುವುದು ಕಷ್ಟ.

ಬೈಗುಳ ಶುರುವಾಗಿದ್ದು ಬಹಳ ಬೇಗ. ಮೊದಲ ಆಲ್ಬಂ 1983ರಲ್ಲಿ ಬಂತು, ಪೂರ್ತಿ ವೇಗ, ಪೂರ್ತಿ ಗಲಾಟೆ. ಮರುವರ್ಷದ ಎರಡನೇ ಆಲ್ಬಂನಲ್ಲಿ ‘ಫೇಡ್ ಟು ಬ್ಲ್ಯಾಕ್’ ಅನ್ನುವ ನಿಧಾನದ ಹಾಡು ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುತ್ತದೆ. ಅಷ್ಟಕ್ಕೇ ಕೆಲವರು ‘ಇವರ ಕಥೆ ಮುಗಿಯಿತು’ ಅಂದಿದ್ದರು. ಇವತ್ತು ಅದೇ ಹಾಡನ್ನು ‘ಹಳೇ ಮೆಟಾಲಿಕಾ ಅಂದ್ರೆ ಹೀಗಿರಬೇಕು’ ಅಂತ ತೋರಿಸುತ್ತಾರೆ! 1991ರ ಬ್ಲ್ಯಾಕ್ ಆಲ್ಬಂ (ಅಸಲಿ ಹೆಸರು ‘ಮೆಟಾಲಿಕಾ’, ಕಪ್ಪು ಕವರಿನಿಂದ ಈ ಅಡ್ಡಹೆಸರು) ಕಥೆಯೂ ಅದೇ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಕೇಳಿ ಬಂದವರಿಗೆ ವೇಗ ತಗ್ಗಿದ ಅದು ದ್ರೋಹ, 1991ರಲ್ಲೇ ಮೊದಲು ಕೇಳಿದವರಿಗೆ ಅದೇ ಅಸಲಿ ಮೆಟಾಲಿಕಾ. ಯಾವ ಆಲ್ಬಂನಿಂದ ಒಳಗೆ ಬಂದೆವೋ ಅದರ ನಂತರದ್ದೆಲ್ಲ ಇಳಿಜಾರು ಅನ್ನಿಸುವುದು ಮಾಮೂಲು.

ಈಗ 1996ರ ‘ಲೋಡ್’. ಉದ್ದ ಕೂದಲಿನ ನಾಲ್ವರೂ ಕೂದಲು ಕತ್ತರಿಸಿಕೊಂಡು ಬಂದರು, ಫೋಟೋಗಳಲ್ಲಿ ಕಣ್ಣಿಗೆ ಕಾಡಿಗೆ ಬೇರೆ. ಹಾಡು ಕೇಳುವ ಮೊದಲೇ ಅರ್ಧ ಜನ ತೀರ್ಪು ಕೊಟ್ಟಾಗಿತ್ತು. ಆದರೆ ಆ ಆಲ್ಬಂನಲ್ಲಿ ನಿಜವಾಗಿ ಬದಲಾಗಿದ್ದೇನು? ನಿರ್ಮಾಪಕ ಬ್ಲ್ಯಾಕ್ ಆಲ್ಬಂ ಮಾಡಿದ್ದ ಬಾಬ್ ರಾಕ್‌ನೇ. ಗಿಟಾರ್ ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿ, ಅರ್ಧ ಸ್ವರ ಕೆಳಗೆ ಇಳಿಯಿತು. ಅದಕ್ಕಿಂತ ದೊಡ್ಡದು, ಅಲ್ಲಿಯವರೆಗೆ ಸ್ಟುಡಿಯೋದಲ್ಲಿ ರಿದಮ್ ಗಿಟಾರ್ (ಹಾಡಿಗೆ ಆಧಾರವಾಗಿ ನಿಲ್ಲುವ ಗಿಟಾರ್) ಪದರಗಳನ್ನೆಲ್ಲ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಬ್ಬರೇ ನುಡಿಸುತ್ತಿದ್ದರು. ಒಂದೇ ಕೈ ಮತ್ತೆ ಮತ್ತೆ ನುಡಿಸಿದ್ದರಿಂದ ಅದು ಗೋಡೆಯಂತೆ ಒತ್ತಾಗಿ ಕೇಳುತ್ತಿತ್ತು. ‘ಲೋಡ್’ನಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸಿದರು. ಎರಡು ಕೈ, ಎರಡು ಶೈಲಿ. ಹೆಡ್‌ಫೋನ್ ಹಾಕಿ ಕೇಳಿದರೆ ಎಡಕ್ಕೂ ಬಲಕ್ಕೂ ಇರುವ ಸಣ್ಣ ವ್ಯತ್ಯಾಸ ಗೊತ್ತಾಗುತ್ತದೆ. ಹಳಬರು ‘ಸಡಿಲ ಆಯಿತು’ ಅಂದಿದ್ದರಲ್ಲ, ಅವರ ಕಿವಿ ಸುಳ್ಳು ಹೇಳಿರಲಿಲ್ಲ. ಆ ಸಡಿಲತನವೇ ನನಗೆ ಇಷ್ಟ, ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೇ ಸಂಗೀತ ಶೈಲಿ) ಕಡೆ ವಾಲುವ ಹಾಡಿಗೆ ಅದು ಒಪ್ಪುತ್ತದೆ.

ಹಾಗಂತ ‘ಲೋಡ್’ ಪೂರ್ತಿ ಒಳ್ಳೆಯದು ಅನ್ನುವುದಿಲ್ಲ. ಹದಿನಾಲ್ಕು ಹಾಡು, ಹತ್ತಿರ ಹತ್ತಿರ 79 ನಿಮಿಷ. ಕೊನೆಯ ಹಾಡು ‘ದಿ ಔಟ್‌ಲಾ ಟಾರ್ನ್’ ಸಿಡಿಯಲ್ಲಿ ಜಾಗ ಸಾಲದೆ ಸ್ವಲ್ಪ ಕತ್ತರಿಸಬೇಕಾಯಿತು. ಇಡೀ ಆಲ್ಬಂನಲ್ಲೇ ಚೆನ್ನಾಗಿರುವ ಹಾಡು ಅದು, ಕತ್ತರಿ ಬಿದ್ದಿದ್ದು ಅದಕ್ಕೇ. ನಡುವೆ ಇರುವ ನಾಲ್ಕೈದು ಹಾಡು ತೆಗೆದಿದ್ದರೆ ಯಾರೂ ಅಳುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು 2003ರ ‘ಸೇಂಟ್ ಆ್ಯಂಗರ್’. ‘ಮೆತ್ತಗಾದರು, ಮೆತ್ತಗಾದರು’ ಅಂತ ವರ್ಷಗಟ್ಟಲೆ ಕೂಗಿದವರಿಗೆ ಬ್ಯಾಂಡು ಕೊಟ್ಟ ಉತ್ತರದಂತಿತ್ತು ಅದು. ವೇಗ, ಕೂಗಾಟ, ಇನ್ನೂ ಕೆಳಗಿನ ಟ್ಯೂನಿಂಗ್, ಎಲ್ಲ ಇತ್ತು. ಗಿಟಾರ್ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ಮಿಂಚುವ ಭಾಗ) ಮಾತ್ರ ಒಂದೂ ಇಲ್ಲ. ಮತ್ತೆ ಆ ಸ್ನೇರ್ ಡ್ರಮ್! ಸ್ನೇರ್ ಕೆಳಗೆ ತಂತಿಗಳಿರುತ್ತವೆ, ‘ಛರ್’ ಅನ್ನುವ ಸದ್ದು ಬರುವುದು ಅದರಿಂದ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಆ ತಂತಿಗಳನ್ನು ಸಡಿಲಿಸಿ ನುಡಿಸಿದರು. ಖಾಲಿ ಸ್ಟೀಲ್ ಬಕೆಟ್ಟಿಗೆ ಹೊಡೆದ ಹಾಗೆ ಪ್ರತಿ ಏಟೂ ‘ಠಣ್’ ಅನ್ನುತ್ತದೆ. ಮುಕ್ಕಾಲು ಗಂಟೆಯಲ್ಲ, ಒಂದೂಕಾಲು ಗಂಟೆ ‘ಠಣ್’. ನನಗೆ ಎರಡನೇ ಹಾಡಿಗೇ ತಲೆ ಹಿಡಿಯುತ್ತದೆ. ಗಟ್ಟಿ ಸಂಗೀತ ಬೇಕು ಅಂದವರೇ ಇದನ್ನು ಅತಿ ಹೆಚ್ಚು ಬೈದರು. ಅಂದರೆ ಜಗಳ ಬರೀ ಮೆತ್ತಗಿನದ್ದು, ಗಟ್ಟಿಯದ್ದು ಅಂತ ಇರಲೇ ಇಲ್ಲ ಅಲ್ವಾ?

ಆಮೇಲೆ 2008ರಲ್ಲಿ ‘ಡೆತ್ ಮ್ಯಾಗ್ನೆಟಿಕ್’. ಹೊಸ ನಿರ್ಮಾಪಕ ರಿಕ್ ರೂಬಿನ್, ಉದ್ದ ಹಾಡುಗಳು, ಸೋಲೋಗಳು ವಾಪಸ್. ಹಳಬರು ಕೇಳಿದ್ದೆಲ್ಲ ಸಿಕ್ಕಿತು. ಆದರೆ ಸಿಡಿಯನ್ನು ಎಷ್ಟು ಜೋರಾಗಿ ಮಾಸ್ಟರ್ ಮಾಡಿದ್ದರು (ಕೊನೆಯ ಹಂತದಲ್ಲಿ ಒಟ್ಟು ಸದ್ದಿನ ಮಟ್ಟ ಕೂರಿಸುವ ಕೆಲಸ) ಅಂದರೆ ಸದ್ದು ಒಡೆಯುತ್ತಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮಿನಲ್ಲೂ ಬಂದವು, ಅಲ್ಲಿ ಜೋರು ಮಾಡಲು ಸದ್ದನ್ನು ಅಷ್ಟು ಹಿಂಡಿರಲಿಲ್ಲ. ಗೇಮಿನಲ್ಲಿ ಡ್ರಮ್ಮಿಗೆ ಉಸಿರಾಡಲು ಜಾಗ ಇದೆ, ಸಿಡಿಯಲ್ಲಿ ಇಲ್ಲ. ಸಾವಿರಾರು ಜನ ಮತ್ತೆ ಮಿಕ್ಸ್ ಮಾಡಿ ಅಂತ ಅರ್ಜಿಗೆ ಸಹಿ ಹಾಕಿದರು. ಹಾಡು ಬೇರೆ, ಅದು ಕೇಳಿಸುವ ರೀತಿ ಬೇರೆ ಅನ್ನುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ, ನಿಮಗೇ ತಿಳಿಯುತ್ತದೆ.

ಇಷ್ಟಾದರೂ ಅಭಿಮಾನಿಗಳ ನ್ಯಾಯ ಎಲ್ಲ ಕಡೆ ಒಂದೇ ತೂಕದ್ದಲ್ಲ. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂನಲ್ಲಿ ಬೇಸ್ ಗಿಟಾರ್ ಹುಡುಕಿದರೂ ಸಿಗುವುದಿಲ್ಲ. ಹಿಂದಿನ ಬೇಸಿಸ್ಟ್ ಕ್ಲಿಫ್ ಬರ್ಟನ್ 1986ರಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಹೊಸದಾಗಿ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಮಿಕ್ಸ್‌ನಲ್ಲಿ ಮುಳುಗಿಹೋಯಿತು. ಸದ್ದಿನ ಮಟ್ಟಿಗೆ ಅದೂ ಕೆಟ್ಟದ್ದೇ. ಆದರೂ ಹಳಬರು ಅದನ್ನು ತಲೆ ಮೇಲೆ ಹೊತ್ತು ತಿರುಗುತ್ತಾರೆ, ನಾನೂ ಸೇರಿ.

‘ದುಡ್ಡಿಗೆ ಬಿದ್ದರು’ ಅನ್ನುವ ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬ್ಲ್ಯಾಕ್ ಆಲ್ಬಂ ಅಮೆರಿಕದಲ್ಲೇ 1 ಕೋಟಿ 60 ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು, ಸರಿ. ದುಡ್ಡೇ ಮುಖ್ಯವಾಗಿದ್ದರೆ ಅದರ ಬೆನ್ನಿಗೇ ಇನ್ನೊಂದು ಅಂಥದ್ದೇ ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಕೂದಲು ಕತ್ತರಿಸಿ, ಬ್ಲೂಸ್ ನುಡಿಸಿ, ಇದ್ದವರನ್ನೂ ಯಾಕೆ ಕಳೆದುಕೊಳ್ಳಬೇಕು? ಬ್ರಿಟನ್ನಿನ ರಾಕ್ ಬ್ಯಾಂಡು ರೇಡಿಯೋಹೆಡ್ ನೋಡಿ. 1997ರ ‘ಓಕೆ ಕಂಪ್ಯೂಟರ್’ ಆದ ಮೇಲೆ ಜಗತ್ತೇ ಅವರ ಗಿಟಾರಿಗೆ ಕಾಯುತ್ತಿತ್ತು. ಅವರು 2000ದಲ್ಲಿ ಗಿಟಾರ್ ಪಕ್ಕಕ್ಕಿಟ್ಟು, ಎಲೆಕ್ಟ್ರಾನಿಕ್ ಸದ್ದು ತುಂಬಿದ ‘ಕಿಡ್ ಎ’ ತಂದರು. ಸಿಂಗಲ್ (ಪ್ರಚಾರಕ್ಕೆ ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) ಅಂತ ಒಂದನ್ನೂ ಬಿಡಲಿಲ್ಲ. ಆದರೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆಗ ಮುಖ ಸಿಂಡರಿಸಿದವರು ಬಹಳ ಮಂದಿ.

ಎಲ್ಲ ಬದಲಾವಣೆಯೂ ಕೊನೆಗೆ ಗೆಲ್ಲುತ್ತದೆ ಅಂತ ಇದರಿಂದ ಅಂದುಕೊಳ್ಳಬೇಡಿ. ಸ್ವೀಡನ್ನಿನ ಮೆಟಲ್ ಬ್ಯಾಂಡು ಓಪೆತ್ 2011ರಲ್ಲಿ ಗಂಟಲಿನಿಂದ ಗುರುಗುಟ್ಟುವ ಗ್ರೌಲ್ ಹಾಡುಗಾರಿಕೆ ಬಿಟ್ಟು ಎಪ್ಪತ್ತರ ದಶಕದ ಪ್ರೋಗ್ (ಉದ್ದ, ಸಂಕೀರ್ಣ ಹಾಡುಗಳ ರಾಕ್) ಕಡೆ ಹೋಯಿತು. 2024ರಲ್ಲಿ ಗ್ರೌಲ್ ವಾಪಸ್ ಬಂತು. ನಡುವಿನ ಆ ವರ್ಷಗಳ ಆಲ್ಬಂಗಳನ್ನೇ ನಾನು ಹೆಚ್ಚು ಕೇಳುತ್ತೇನೆ, ನನ್ನ ಗೆಳೆಯ ಅವನ್ನು ಪೂರ್ತಿ ಬಿಟ್ಟೇ ಬಿಟ್ಟಿದ್ದಾನೆ. ಇಬ್ಬರಿಗೂ ನಷ್ಟವೇನಿಲ್ಲ.

ನಿಮ್ಮ ಆಲ್ಬಂ ವಿಷಯಕ್ಕೆ ಒಂದು ಕೆಲಸ ಮಾಡಿ ನೋಡಿ. ಹಿಡಿಸದ ಹಾಡುಗಳಲ್ಲಿ ಒಂದೆರಡರ ಲೈವ್ ಅಥವಾ ಅಕೌಸ್ಟಿಕ್ ರೆಕಾರ್ಡಿಂಗ್ ಹುಡುಕಿ. ಅಲ್ಲಿ ಹಾಡು ನಿಂತರೆ ನಿಮ್ಮ ತಕರಾರು ಮಿಕ್ಸ್ ಜೊತೆ, ಸಿಂತ್ ಜೊತೆ. ಅಲ್ಲೂ ಸಪ್ಪೆ ಅನ್ನಿಸಿದರೆ ಹಾಡೇ ಸಪ್ಪೆ. ಗಾಯಕನ ವಯಸ್ಸನ್ನೂ ಗಮನಿಸಿ. ಇಪ್ಪತ್ತರಲ್ಲಿ ಕಿರುಚಿದ ಹಾಗೆ ಐವತ್ತರಲ್ಲಿ ಆಗುವುದಿಲ್ಲ, ಮೆಟಾಲಿಕಾ ಕೂಡ ಎಷ್ಟೋ ವರ್ಷಗಳಿಂದ ಸ್ಟೇಜಿನಲ್ಲಿ ಹಾಡಲು ಸುಲಭವಾಗುವಂತೆ ಟ್ಯೂನಿಂಗ್ ಇಳಿಸಿಯೇ ನುಡಿಸುವುದು. ಆಮೇಲೂ ಹಿಡಿಸದಿದ್ದರೆ ಸುಮ್ನೆ ಹಳೇ ಆಲ್ಬಂ ಹಾಕಿಕೊಳ್ಳಿ. ಬ್ಯಾಂಡಿನ ಹೆಸರು ಕಾಮೆಂಟಿನಲ್ಲಿ ಬರೆಯಿರಿ. ನಾನು ಕೇಳಿರುವ ಬ್ಯಾಂಡಾದರೆ ಯಾವ ಲೈವ್ ರೆಕಾರ್ಡಿಂಗ್‌ನಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ.