ಸ್ಪೇನ್‌ನ ಫುಟ್‌ಬಾಲ್‌ನಲ್ಲಿ ಬಿ ತಂಡ ಎರಡನೇ ದರ್ಜೆಯ ಲೀಗ್ ಗೆದ್ದರೂ ಮೊದಲ ದರ್ಜೆಗೆ ಹೋಗಲ್ಲ ಯಾಕೆ? ಅಭಿಮಾನಿಗಳು ಯಾರ ಕಡೆ?

ಬಿ ತಂಡ ಬೇರೆ ಕ್ಲಬ್ ಅಲ್ಲ, ಅದೇ ಕ್ಲಬ್ಬಿನ ಎಳೆಯರ ತಂಡ. ಒಂದೇ ಕ್ಲಬ್ಬಿನ ಎರಡು ತಂಡಗಳು ಒಂದೇ ದರ್ಜೆಯಲ್ಲಿ ಆಡುವಂತಿಲ್ಲ. 1983-84ರಲ್ಲಿ ಎರಡನೇ ದರ್ಜೆಯಲ್ಲಿ ರಿಯಲ್ ಮ್ಯಾಡ್ರಿಡ್‌ನ ಬಿ ತಂಡ ಕಾಸ್ಟಿಯಾ ಮೊದಲ ಸ್ಥಾನ ಪಡೆಯಿತು, ಬಿಲ್ಬಾವೊ ಅಥ್ಲೆಟಿಕ್ ಎರಡನೆಯದು. ಅದೂ ಬಿ ತಂಡವೇ. ಎರಡರ ಮುಖ್ಯ ತಂಡಗಳೂ ಮೊದಲ ದರ್ಜೆಯಲ್ಲಿದ್ದವು, ಹಾಗಾಗಿ ಇಬ್ಬರೂ ಅಲ್ಲೇ ಉಳಿದರು.

ನನಗೆ ಜಾಸ್ತಿ ನೋವು ಕೊಡೋದು 2012ರ ವಿಯಾರಿಯಲ್ ಕ್ಲಬ್ಬಿನ ಕಥೆ. ಕೊನೆಯ ಪಂದ್ಯದ 88ನೇ ನಿಮಿಷದಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಫಾಲ್ಕಾವೊ ಗೋಲು ಹೊಡೆದ. ವಿಯಾರಿಯಲ್ ಎರಡನೇ ದರ್ಜೆಗೆ ಕುಸಿಯಿತು. ಅಲ್ಲಿ ಚೆನ್ನಾಗಿಯೇ ಆಡಿ ಉಳಿದುಕೊಂಡಿದ್ದ ಬಿ ತಂಡ, ತನ್ನದೇನೂ ತಪ್ಪಿಲ್ಲದೆ ಮೂರನೇ ದರ್ಜೆಗೆ ಇಳಿಯಬೇಕಾಯಿತು. ಆ ಹುಡುಗರ ಸ್ಥಿತಿ ಯೋಚಿಸಿ!

ಇನ್ನು ನಿಷ್ಠೆ. ಅಭಿಮಾನಿಗಳಿಗೆ ಇದು ಎರಡು ಮನೆ ಅಲ್ಲ, ಒಂದೇ ಮನೆಯ ಅಣ್ಣ-ತಮ್ಮ. 1980ರ ಕೋಪಾ ದೆಲ್ ರೇ (ಸ್ಪೇನ್‌ನ ನಾಕೌಟ್ ಕಪ್) ಫೈನಲ್‌ನಲ್ಲಿ ಕಾಸ್ಟಿಯಾ ಎದುರಿಸಿದ್ದು ರಿಯಲ್ ಮ್ಯಾಡ್ರಿಡ್ಡನ್ನೇ, ಅದೂ ರಿಯಲ್‌ನದೇ ಬರ್ನಬ್ಯೂ ಮೈದಾನದಲ್ಲಿ. 6-1ರಿಂದ ಸೋತಿತು. ಆದರೂ ಎರಡೂ ತಂಡದವರು ಒಟ್ಟಿಗೇ ಸಂಭ್ರಮಿಸಿದರು. ಕಾಸ್ಟಿಯಾದ ಆ ಹುಡುಗರು ಮೊದಲ ದರ್ಜೆಯ ಹಲವು ತಂಡಗಳನ್ನು ಸೋಲಿಸಿ ಫೈನಲ್‌ಗೆ ಬಂದಿದ್ದರು ಅಲ್ವಾ!