ಆಟಿಸಂ ಇದೆ ಅಂತ ಹೆಮ್ಮೆ ಪಡೋಕೆ ಏನಿದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜೂನ್ 18ಕ್ಕೆ ಯಾರೋ 'ಆಟಿಸ್ಟಿಕ್ ಪ್ರೈಡ್ ಡೇ' ಅಂತ ಸ್ಟೇಟಸ್ ಹಾಕಿದ್ದರು. ನಿಮ್ಮ ತಂಗಿಯ ಮಗನಿಗೆ ಆರು ವರ್ಷ, ಆಟಿಸಂ ಇದೆ (ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡುವುದು), ಇನ್ನೂ ಮಾತು ಬಂದಿಲ್ಲ, ತಂಗಿಗೆ ರಾತ್ರಿ ನಿದ್ದೆ ಇಲ್ಲ. ಇದರಲ್ಲಿ ಹೆಮ್ಮೆ ಪಡೋಕೆ ಏನಿದೆ, ಸಂಭ್ರಮ ಪಡೋಕೆ ಏನಿದೆ ಅಂತ ಕೇಳಿದ್ದೀರಿ. ನಿಮ್ಮ ಮಾತಲ್ಲಿ ಸ್ವಲ್ಪ ಸಿಟ್ಟೂ ಇದೆ. ಇರಲಿ.

ಈ ಜಗಳ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದೆ. ಒಂದು ಕಡೆ ನಾನು, ಇನ್ನೊಂದು ಕಡೆ ಅಮ್ಮ. ಮಧ್ಯದಲ್ಲಿ ನನ್ನ ತಮ್ಮ, ಹೆಚ್ಚಾಗಿ ಫ್ಯಾನ್ ನೋಡುತ್ತಾ ಮಲಗಿರುತ್ತಾನೆ. ಅವನಿಗೆ ಈಗ 31. ಮಾತಿಲ್ಲ. ಸ್ನಾನ ನಾವೇ ಮಾಡಿಸಬೇಕು. ನನಗೆ 36. ನನಗೂ ಆಟಿಸಂ ಇದೆ ಅಂತ ಗೊತ್ತಾಗಿದ್ದು 32ನೇ ವಯಸ್ಸಿನಲ್ಲಿ. ಮೈಸೂರಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಕರಡು ತಿದ್ದುವ ಕೆಲಸ ನನ್ನದು. ಪುಟದಲ್ಲಿ ಒಂದು ಅರ್ಕಾವತ್ತು ತಪ್ಪಿ ಕೂತಿದ್ದರೆ ನನಗೆ ಕಾಲಲ್ಲಿ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ಇದನ್ನು ಕೆಲವರು 'ಸೂಪರ್ ಪವರ್' ಅನ್ನುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಫೋನ್ ರಿಂಗ್ ಆದರೆ ಎತ್ತೋಕೆ ಆಗದೆ ಬೆವರುವುದೂ ನನ್ನ ಇದೇ ತಲೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಮೊದಲು ಪದದ ತೊಂದರೆ. ಕನ್ನಡದಲ್ಲಿ ಹೆಮ್ಮೆ ಅಂದರೆ ಮಗಳು ರ‍್ಯಾಂಕ್ ಬಂದಾಗ ಪಡುವಂಥದ್ದು. ಏನೋ ಸಾಧಿಸಿರಬೇಕು. ಆ ಅರ್ಥದಲ್ಲಿ ನೀವು ಕೇಳಿದ್ದು ಸರಿ. ಹುಟ್ಟಿನಿಂದ ಬಂದದ್ದರಲ್ಲಿ ಸಾಧನೆ ಎಲ್ಲಿ? ಆದರೆ ಇಂಗ್ಲಿಷಿನ ಈ 'ಪ್ರೈಡ್' ಬಂದಿದ್ದು ಸಲಿಂಗಿಗಳ ಮೆರವಣಿಗೆಯಿಂದ. ಬಚ್ಚಿಟ್ಟುಕೊಂಡು ಬದುಕಿದವರು ಬೀದಿಗೆ ಬಂದು 'ಇನ್ನು ಬಚ್ಚಿಡಲ್ಲ' ಅಂದರಲ್ಲ, ಆ ಅರ್ಥ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇಲ್ಲ. ನಾಚಿಕೆ ಬಿಟ್ಟವಳು ಅಂದರೆ ಕನ್ನಡದಲ್ಲಿ ಅದು ಬೈಗುಳ!

ದಿನದ ಕಥೆ ಚಿಕ್ಕದು. 2005ರಲ್ಲಿ 'ಆಸ್ಪೀಸ್ ಫಾರ್ ಫ್ರೀಡಂ' ಅಂತ ಆಟಿಸಂ ಇರುವವರದೇ ಒಂದು ಗುಂಪು ಇದನ್ನು ಶುರು ಮಾಡಿತು. ಜೂನ್ 18 ಯಾಕೆ ಅಂದರೆ, ಆಗ ಆ ಗುಂಪಿನಲ್ಲಿದ್ದ ಅತಿ ಚಿಕ್ಕ ಸದಸ್ಯನ ಹುಟ್ಟುಹಬ್ಬ ಅವತ್ತು. ಅಷ್ಟೇ ಕಾರಣ. ನನಗಂತೂ ಇದು ಇಷ್ಟ. ಏಪ್ರಿಲ್ 2ರ ಆಟಿಸಂ ಜಾಗೃತಿ ದಿನ ಹಾಗಲ್ಲ. ಅದನ್ನು 2007ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿತು. ಕಟ್ಟಡಗಳಿಗೆ ನೀಲಿ ದೀಪ, ಪಜಲ್ ತುಂಡಿನ ಚಿತ್ರ, ಎಲ್ಲ ಅವತ್ತೇ. ಆ ಪಜಲ್ ತುಂಡು ಮೊದಲು ಬಂದಿದ್ದು 1963ರಲ್ಲಿ, ಬ್ರಿಟನ್ನಿನ ಪೋಷಕರ ಸಂಘವೊಂದರ ಗುರುತಾಗಿ. ಅದರೊಳಗೆ ಅಳುವ ಮಗುವಿನ ಚಿತ್ರವೂ ಇತ್ತು. ಪ್ರೈಡ್‌ನವರು ಅದನ್ನು ಬಿಟ್ಟು ಕಾಮನಬಿಲ್ಲಿನ ಬಣ್ಣದಲ್ಲಿ, ಮಲಗಿಸಿದ 8ರ ಹಾಗಿರುವ ಅನಂತದ ಗುರುತು ಇಟ್ಟುಕೊಂಡರು.

ಈ ಯೋಚನೆಗೆ ಬೇರು ಇನ್ನೂ ಹಿಂದಿದೆ. 1993ರಲ್ಲಿ ಟೊರಾಂಟೋದ ಒಂದು ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸ್ಟಿಕ್ ವ್ಯಕ್ತಿ ಪೋಷಕರ ಮುಂದೆ ಮಾತಾಡಿದರು. ಸಾರಾಂಶ ಇಷ್ಟು. ನೀವು ಒಂದು ಮಗುವಿಗೆ ಕಾದಿರಿ, ಅದು ಬರಲಿಲ್ಲ. ಅದಕ್ಕಾಗಿ ಅಳಬೇಕಾದರೆ ಅಳಿ. ಆದರೆ ಬಂದಿರುವ ಮಗು ನಾವು, ನಿಮ್ಮ ಎದುರಿಗೇ ಇದ್ದೇವೆ. ನಮ್ಮನ್ನು ನೋಡಿಕೊಂಡು ಅಳಬೇಡಿ.

ಇದನ್ನು ನಾನು ಕನ್ನಡ ಮಾಡಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹುರುಳಿಕಾಯಿ ಸೋಸುತ್ತಿದ್ದರು. ಪೂರ್ತಿ ಕೇಳಿದರು. ಆಮೇಲೆ, "ಸರಿ, ಅಳಲ್ಲ. ನಾನು ಹೋದ ಮೇಲೆ ಇವನಿಗೆ ಸ್ನಾನ ಮಾಡಿಸೋರು ಯಾರು ಅಂತ ಆ ಪುಣ್ಯಾತ್ಮರು ಹೇಳಿದ್ದಾರಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ದಿನ ನಾನು ವಾಟ್ಸಾಪಿನಲ್ಲಿ ಆ ಬಣ್ಣದ ಗುರುತು ಹಾಕಿದ್ದೆ. ಅಮ್ಮ ನೋಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಿನಗೆ ಹೆಮ್ಮೆ ಅಂತ ಹೇಳಿಕೊಳ್ಳೋಕೆ ಬಾಯಿ ಇದೆ ಕಣೇ. ಅವನಿಗೆ?"

ಅಮ್ಮನಂಥವರು ಎಲ್ಲ ಕಡೆ ಇದ್ದಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಜರ್ (ಮಾತು ತಡವಾಗದ ಆಟಿಸಂಗೆ ಆಗ ಇದ್ದ ಹೆಸರು) ಅದು ಇದು ಅಂತ ಬೇರೆ ಬೇರೆ ಇದ್ದ ಹೆಸರುಗಳನ್ನೆಲ್ಲ ಸೇರಿಸಿ ಆಟಿಸಂ ಅಂತ ಒಂದೇ ಮಾಡಿಬಿಟ್ಟಿತು. ಹಾಗಾಗಿ ನನ್ನ ಕಾಗದದಲ್ಲೂ ತಮ್ಮನ ಕಾಗದದಲ್ಲೂ ಒಂದೇ ಪದ. ಒಬ್ಬಳು ಬಸ್ ಹತ್ತಿ ಕೆಲಸಕ್ಕೆ ಹೋಗುತ್ತಾಳೆ, ಇನ್ನೊಬ್ಬ ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುತ್ತಾನೆ. 2021ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 'ಪ್ರೊಫೌಂಡ್ ಆಟಿಸಂ' ಅಂತ ಒಂದು ಹೆಸರು ಮುಂದಿಟ್ಟಿತು. ಜೀವನಪೂರ್ತಿ, ದಿನದ 24 ಗಂಟೆಯೂ ಹತ್ತಿರ ಯಾರಾದರೂ ಇರಲೇಬೇಕಾದವರಿಗೆ ಈ ಹೆಸರು. 2023ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕ ಹಾಕಿದಾಗ, ಆಟಿಸಂ ಇರುವ 8 ವರ್ಷದ ಮಕ್ಕಳಲ್ಲಿ ಶೇ. 26.7ರಷ್ಟು ಮಂದಿ ಈ ಗುಂಪಿಗೆ ಬಂದರು. ಕಾಲು ಭಾಗಕ್ಕಿಂತ ಜಾಸ್ತಿ.

ಪ್ರೈಡ್ ಕಡೆಯ ಬಹಳ ಜನಕ್ಕೆ ಈ ಹೆಸರು ಆಗುವುದಿಲ್ಲ. ಒಮ್ಮೆ ಆ ಡಬ್ಬಕ್ಕೆ ಹಾಕಿದರೆ ಆ ಮಗುವಿನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ ಅನ್ನುತ್ತಾರೆ. ಮೊದಲು ನಾನೂ ಹಾಗೇ ವಾದಿಸಿದ್ದೆ. ಈಗ ಅಮ್ಮನ ಕಡೆ ವಾಲಿದ್ದೇನೆ. ಅಗತ್ಯಕ್ಕೆ ಒಂದು ಹೆಸರಿಲ್ಲದಿದ್ದರೆ ಅದನ್ನು ಯಾವ ಕೌಂಟರಿನಲ್ಲಿ ಕೇಳುವುದು? 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ವಿಧ ಇದ್ದವು, ಆಟಿಸಂ ಇರಲಿಲ್ಲ. ತಮ್ಮನ ಮೊದಲ ಸರ್ಟಿಫಿಕೇಟಿನಲ್ಲಿ 'ಬುದ್ಧಿಮಾಂದ್ಯ' ಅಂತಲೇ ಬರೆದಿದ್ದರು. 2016ರ ಕಾಯ್ದೆಯಲ್ಲಿ 21 ವಿಧಗಳಾದವು, ಆಟಿಸಂ ಕೂಡ ಸೇರಿತು. ಅಮ್ಮ ಹಳೆಯ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾರೆ, ಯಾಕೋ ಗೊತ್ತಿಲ್ಲ.

ಹಾಗಾದರೆ ನಾನು ಯಾಕೆ ಇನ್ನೂ ಪ್ರೈಡ್ ಅನ್ನುತ್ತೇನೆ? ಒಂದು ಘಟನೆ ಹೇಳುತ್ತೇನೆ.

ನನಗೆ 24 ಇದ್ದಾಗ ಹೆಣ್ಣು ನೋಡೋಕೆ ಬಂದಿದ್ದರು. ಬೆಳಗ್ಗೆಯೇ ತಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು. ಅವನ ಬಟ್ಟೆ, ಅವನು ಸಾಲಾಗಿ ಜೋಡಿಸುವ ಹುಣಸೆ ಬೀಜದ ಡಬ್ಬ, ಗೋಡೆ ಮೇಲಿನ ಅವನ ಫೋಟೋ, ಎಲ್ಲ ಅಟ್ಟಕ್ಕೆ ಹೋಯಿತು. "ಮಕ್ಕಳೆಷ್ಟು?" ಅಂತ ಅವರು ಕೇಳಿದಾಗ ಅಪ್ಪ, "ಒಬ್ಬಳೇ" ಅಂದರು. ನಾನು ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ಕೆಟ್ಟವರಲ್ಲ. ಅವನನ್ನು ಹೆಗಲ ಮೇಲೆ ಹೊತ್ತು 'ಸ್ಪೀಚ್ ಅಂಡ್ ಹಿಯರಿಂಗ್'ಗೆ ವರ್ಷಗಟ್ಟಲೆ ತಿರುಗಿದವರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮೈಸೂರಿನವರು ಅನ್ನೋದೇ ಹಾಗೆ. ಅಂಥ ಅಪ್ಪನ ಬಾಯಲ್ಲಿ ಆ ಮಾತು ಬಂತು. ಆ ಸಂಬಂಧ ಕೂಡಲೂ ಇಲ್ಲ. ಹುಡುಗಿ ಮುಖ ಕೊಟ್ಟು ಮಾತಾಡಲ್ಲ, ಒಂಥರಾ ಅಂತ ಹೇಳಿ ಕಳಿಸಿದರು. ನನ್ನ ಆಟಿಸಂ ಅಟ್ಟಕ್ಕೆ ಹೋಗುವಂಥದ್ದಲ್ಲ ನೋಡಿ.

ಅಮ್ಮನ ಪಾಲಿಗೆ ಬಂದ ನಾಚಿಕೆ ಇನ್ನೂ ಜಾಸ್ತಿ. ಬಸುರಿಯಲ್ಲಿ ಗ್ರಹಣ ನೋಡಿದ್ದೆಯಾ? ನಾಗದೋಷ ಇರಬೇಕು. ಟೀಚರ್ ಕೆಲಸ ಅಂತ ಮಗೂನ ಬಿಟ್ಟು ಹೋದರೆ ಇನ್ನೇನಾಗುತ್ತೆ? ಹೀಗೆಲ್ಲ ಜನ ಅಂದರು. ಸರ್ಪಸಂಸ್ಕಾರವೂ ಆಯಿತು, ಕೆಲಸ ಬಿಟ್ಟಿದ್ದೂ ಆಯಿತು. ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಐವತ್ತು ಅರವತ್ತರ ದಶಕದಲ್ಲಿ ಅಮೆರಿಕದ ದೊಡ್ಡ ದೊಡ್ಡ ತಜ್ಞರು, ತಾಯಿ ಫ್ರಿಜ್ಜಿನ ಹಾಗೆ ತಣ್ಣಗಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಅನ್ನುತ್ತಿದ್ದರು. ಅದನ್ನು 1964ರಲ್ಲಿ ಪುಸ್ತಕ ಬರೆದು ಮುರಿದಿದ್ದು ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ. ಅವರ ಮಗನಿಗೂ ಆಟಿಸಂ ಇತ್ತು.

ಪ್ರೈಡ್ ಅಂದಾಗ ನನ್ನ ತಲೆಯಲ್ಲಿ ಬರುವುದು ಆ ಅಟ್ಟ. ತಮ್ಮನ ಸಂಕಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮೂರ್ಛೆ ಬಂದು ಅವನು ಬಿದ್ದಾಗ ನನಗೆ ಯಾವ ಸಂಭ್ರಮವೂ ಇಲ್ಲ. ಅದಕ್ಕೆ ಮಾತ್ರೆ ಬೇಕು, ಕೊಡುತ್ತೇವೆ. ಆದರೆ ಅವನು ಖುಷಿಯಾದಾಗ ಎರಡೂ ಕೈ ಪಟಪಟ ಬಡಿಯುತ್ತಾನಲ್ಲ, ಅದನ್ನು ಹಿಡಿದು ನಿಲ್ಲಿಸೋದು ಯಾಕೆ? ಸಣ್ಣವನಿದ್ದಾಗ ಒಂದು ಥೆರಪಿಯಲ್ಲಿ ಅವನ ಗದ್ದ ಹಿಡಿದು 'ನನ್ನ ಕಣ್ಣು ನೋಡು' ಅಂತ ಮತ್ತೆ ಮತ್ತೆ ಮಾಡಿಸುತ್ತಿದ್ದರು. ನಾನು ಎಡಚಿ. ಶಾಲೆಯಲ್ಲಿ ಎಡಗೈಗೆ ಸ್ಕೇಲಿನಿಂದ ಹೊಡೆದು ಬಲಗೈಯಲ್ಲಿ ಬರೆಸಿದ್ದಾರೆ. ಎರಡೂ ಒಂದೇ ಅನಿಸುತ್ತದೆ.

ಎಡಚಿ ಅಂದಾಗ ನೆನಪಾಯಿತು. 'ಆಟಿಸಂ ಇರುವ ವ್ಯಕ್ತಿ' ಅನ್ನಬೇಕಾ, 'ಆಟಿಸ್ಟಿಕ್' ಅನ್ನಬೇಕಾ ಅಂತ ಇಂಗ್ಲಿಷಿನಲ್ಲಿ ದೊಡ್ಡ ಗಲಾಟೆ ಇದೆ. ಪ್ರೈಡ್‌ನವರಿಗೆ ಎರಡನೆಯದೇ ಬೇಕು. ಕನ್ನಡದಲ್ಲಿ 'ನನಗೆ ಆಟಿಸಂ ಇದೆ' ಅಂದರೆ 'ನನಗೆ ಶುಗರ್ ಇದೆ' ಅಂದ ಹಾಗೆ ಕೇಳುತ್ತದೆ, ನಿಜ. 'ನನಗೆ ಎಡಗೈತನ ಇದೆ' ಅಂತ ಯಾರೂ ಹೇಳಲ್ಲ, 'ನಾನು ಎಡಚಿ' ಅನ್ನುತ್ತೇವೆ. ಆದರೂ ಬಾಯಿಗೆ ಬರುವುದು ಮೊದಲನೆಯದೇ. ಸರ್ಕಾರಿ ಕಾಗದದ 'ಸ್ವಲೀನತೆ' ಮಾತ್ರ ನನಗೆ ಬೇಡ. ತನ್ನಲ್ಲೇ ಮುಳುಗಿದವನು ಅಂತೆ. ನಮ್ಮ ತಮ್ಮ ಮುಳುಗಿರುವುದು ಫ್ಯಾನಿನಲ್ಲಿ.

ವಾಸಿ ಮಾಡುವ ವಿಷಯ ಬಂದರೆ ಜಗಳ ಇನ್ನೂ ಜೋರು. ಅಮೆರಿಕದ 'ಆಟಿಸಂ ಸ್ಪೀಕ್ಸ್' ಅನ್ನುವ ದೊಡ್ಡ ಸಂಸ್ಥೆಯೇ 2016ರಲ್ಲಿ ತನ್ನ ಗುರಿಗಳಿಂದ 'ಗುಣಪಡಿಸುವುದು' ಅನ್ನುವ ಮಾತನ್ನು ತೆಗೆಯಿತು. ಅಮ್ಮನಿಗೆ ಇದು ಹೇಳಿದರೆ, "ನಾಳೆ ಮಾತ್ರೆ ಬಂದರೆ ನಾನು ಕೊಡ್ತೀನಪ್ಪ, ನನಗೆ ಅವನ ಬಾಯಲ್ಲಿ ಒಂದು ಸಲ ಅಮ್ಮ ಅಂತ ಕೇಳಬೇಕು" ಅಂದರು. ಇದಕ್ಕೆ ವಾದ ಮಾಡೋಕೆ ನಾನು ಹೋಗಲಿಲ್ಲ. ನನಗೆ ಅಂಥ ಮಾತ್ರೆ ಕೊಟ್ಟರೆ ನುಂಗಲ್ಲ. ಅವನಿಗೆ ಕೊಡುವ ದಿನ ಬಂದರೆ ಏನು ಮಾಡುತ್ತೇನೆ ಅಂತ ಹೇಳಲಾರೆ.

ನನಗೆ ಆಟಿಸಂ ಅಂತ ಗೊತ್ತಾದ ದಿನ ಅಮ್ಮ ಅತ್ತಿದ್ದು ನನಗಾಗಿ ಅಲ್ಲ. "ನಿನಗೂ ಅಂದರೆ ಇವನನ್ನು ಯಾರೇ ನೋಡೋದು?" ಅಂದರು. ಆರು ತಿಂಗಳಾದ ಮೇಲೆ, ಆಟಿಸಂನಂಥ ತೊಂದರೆ ಇರುವವರಿಗಾಗಿ ಇರುವ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿ, ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಅವನಿಗೆ ಕಾನೂನು ಪ್ರಕಾರ ಪಾಲಕರನ್ನು ಮಾಡುವ ಅರ್ಜಿ ಹಾಕಿದಾಗ ಅಮ್ಮ ನನ್ನ ಹೆಸರನ್ನೇ ಬರೆಸಿದರು. ನಾನು ಕೇಳಿದೆ, ಈಗ ಭಯ ಇಲ್ವಾ ಅಂತ. "ಮಿಕ್ಸಿ ಶಬ್ದಕ್ಕೆ ಅವನು ಯಾಕೆ ಕಿರುಚ್ತಾನೆ ಅಂತ ನಿನಗೆ ಹೇಳಿಕೊಡಬೇಕಾಗಿಲ್ಲವಲ್ಲ" ಅಂದರು. ಹೋದ ವರ್ಷ ಚಿಕ್ಕಮ್ಮನ ಮಗನ ಗೃಹಪ್ರವೇಶಕ್ಕೆ ಅವನನ್ನೂ ಕರೆದುಕೊಂಡು ಹೋದೆವು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ. ಇಪ್ಪತ್ತು ನಿಮಿಷ ಇದ್ದ. "ಇವನು ನನ್ನ ಮಗ" ಅಂತ ಅಮ್ಮ ಗೊತ್ತಿಲ್ಲದವರಿಗೆಲ್ಲ ಹೇಳುತ್ತಿದ್ದರು. ಅದು ಪ್ರೈಡ್ ಅಂದರೆ ಅಮ್ಮ ಒಪ್ಪಲ್ಲ. ನಾನೂ ಹೇಳೋಕೆ ಹೋಗಿಲ್ಲ.

ಇನ್ನು ನಿಮ್ಮ ತಂಗಿ. ಆ ಸ್ಟೇಟಸನ್ನು ಆಕೆಗೆ ಫಾರ್ವರ್ಡ್ ಮಾಡಬೇಡಿ. ಆರು ವರ್ಷದ ಮಗುವಿನ ತಾಯಿಗೆ ಅದು ಈಗ ಬೇಕಾಗಿಲ್ಲ. ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಆಗಿದೆಯಾ ಕೇಳಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷದವರೆಗೆ ಸಿಗುತ್ತದೆ, ಅರ್ಜಿ ಹಾಕೋದು ನೀವೇ ಮಾಡಿಕೊಡಿ. ಶನಿವಾರ ಹೋಗಿ ಎರಡು ಗಂಟೆ ಹುಡುಗನ ಜೊತೆ ಕೂತುಕೊಳ್ಳಿ, ತಂಗಿ ಬಾಗಿಲು ಹಾಕಿಕೊಂಡು ಮಲಗಲಿ. ಅವನು ನಿಮ್ಮ ಮುಖ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅವನು ಏನು ನೋಡುತ್ತಿದ್ದಾನೋ ಅದನ್ನೇ ನೀವೂ ಸ್ವಲ್ಪ ಹೊತ್ತು ನೋಡಿ. ಮಿಕ್ಸಿ ಹಾಕಬೇಕಾದರೆ ಮೊದಲೇ ಹೇಳಿ. ನಮ್ಮವನು ಹೇಳಿದ ಕೂಡಲೇ ಎದ್ದು ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ, ಚಟ್ನಿ ಆದ ಮೇಲೆ ವಾಪಸ್ ಬರುತ್ತಾನೆ.